ಲ್ಯಾಪ್‌ಟಾಪ್ ಡಿಸ್ಕ್ ಡ್ರೈವ್‌ಗಳು: ಟ್ರೇ ಮತ್ತು ಸ್ಲಾಟ್ ವಿಧಗಳು

ಲ್ಯಾಪ್‌ಟಾಪ್ ಗಣಕಗಳಲ್ಲಿ ಸಿ.ಡಿ., ಡಿ.ವಿ.ಡಿ. ಹಾಗೂ ಬ್ಲೂ-ರೇ ಡಿಸ್ಕುಗಳನ್ನು ಓದಲು ಮತ್ತು ಬರೆಯಲು ಬಳಸುವ ಡ್ರೈವ್‌ಗಳನ್ನು, ಅವು ಡಿಸ್ಕನ್ನು ಒಳಗೆ ತೆಗೆದುಕೊಳ್ಳುವ ಕ್ರಮವನ್ನು ಅನುಸರಿಸಿ ಮುಖ್ಯವಾಗಿ ಎರಡು ವಿಧಗಳಾಗಿ ವಿಂಗಡಿಸಲಾಗುತ್ತದೆ. ಹೊರಗೆ ಜಾರಿಬರುವ ತಟ್ಟೆಯ ಮೇಲೆ ಡಿಸ್ಕನ್ನು ಇರಿಸಿ ತಟ್ಟೆಯನ್ನು ಒಳಗೆ ತಳ್ಳುವಂಥದ್ದು ಟ್ರೇ ಡ್ರೈವ್. ಗಣಕದ ಅಂಚಿನಲ್ಲಿರುವ ಕಿರಿದಾದ ಸೀಳಿನೊಳಗೆ ಡಿಸ್ಕನ್ನು ನೇರವಾಗಿ ತೂರಿಸಿದಾಗ ಅದನ್ನು ತಾನೇ ಒಳಗೆಳೆದುಕೊಳ್ಳುವಂಥದ್ದು ಸ್ಲಾಟ್ ಡ್ರೈವ್. ಮುಚ್ಚಳವನ್ನು ಮೇಲಕ್ಕೆತ್ತಿ ಡಿಸ್ಕ್ ಇಡುವ ಮೂರನೆಯ ಕ್ರಮವೂ ಉಂಟು. ಪ್ಯಾನಸಾನಿಕ್ ಸಂಸ್ಥೆಯ ಕೆಲವು ಹಗುರ ಲ್ಯಾಪ್‌ಟಾಪ್‌ಗಳಲ್ಲಿ ಕೀಲಿಮಣೆಯ ಮುಂದಿನ ಅಂಗೈ ಇಡುವ ಭಾಗವೇ ಇಂತಹ ಮುಚ್ಚಳವಾಗಿತ್ತು. ಆದರೆ ಇದು ವಿರಳ.

ಎರಡೂ ವಿಧಗಳಲ್ಲಿ ಲೇಸರ್, ಮಸೂರ ಮತ್ತು ದತ್ತಾಂಶವನ್ನು ಓದುವ ವಿದ್ಯುನ್ಮಂಡಲಗಳು ತತ್ತ್ವದಲ್ಲಿ ಒಂದೇ. ಸಿ.ಡಿ.ಗೆ 780 ನ್ಯಾನೊಮೀಟರ್, ಡಿ.ವಿ.ಡಿ.ಗೆ 650 ನ್ಯಾನೊಮೀಟರ್, ಬ್ಲೂ-ರೇಗೆ 405 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬಳಕೆಯಾಗುತ್ತದೆ. ಆದ್ದರಿಂದ ಚಿತ್ರದ ಗುಣಮಟ್ಟವಾಗಲಿ ಧ್ವನಿಯ ಸ್ಪಷ್ಟತೆಯಾಗಲಿ ಡ್ರೈವಿನ ಬಾಯಿಯ ಆಕಾರವನ್ನು ಅವಲಂಬಿಸಿಲ್ಲ. ವ್ಯತ್ಯಾಸ ಕಾಣಿಸಿಕೊಳ್ಳುವುದು ಬೇರೆ ಕಡೆಗಳಲ್ಲಿ: ಯಾವ ಯಾವ ಡಿಸ್ಕುಗಳನ್ನು ಹಾಕಬಹುದು, ಧೂಳು ಎಲ್ಲಿ ಸೇರುತ್ತದೆ, ಕೆಟ್ಟಾಗ ಬದಲಿಸುವುದು ಎಷ್ಟು ಸುಲಭ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ, ಡ್ರೈವ್ ಕೈಕೊಟ್ಟ ದಿನ ಒಳಗಿರುವ ಡಿಸ್ಕನ್ನು ಹೊರಗೆ ತೆಗೆಯುವುದು ಹೇಗೆ ಎಂಬಲ್ಲಿ.

ಹಿನ್ನೆಲೆ

ಅಡಕಮುದ್ರಿಕೆ ಎಂದೂ ಕರೆಯಲಾಗುವ ಸಿ.ಡಿ. 1982ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಿತು. ಆ ವರ್ಷದ ಸೋನಿ ಸಿಡಿಪಿ-101 ಎಂಬ ಧ್ವನಿವಾದಕದಲ್ಲಿ ಟ್ರೇ ಇತ್ತು. ಅದರ ಸಮಕಾಲೀನವಾದ ಫಿಲಿಪ್ಸ್ ಸಿಡಿ100ರಲ್ಲಿ ಮುಚ್ಚಳ ಮೇಲಕ್ಕೆ ತೆರೆಯುತ್ತಿತ್ತು. ಗಣಕಗಳಿಗೆ ಬಂದ ಮೊದಮೊದಲ ಸಿ.ಡಿ. ಡ್ರೈವ್‌ಗಳಲ್ಲಿ ಅನೇಕವು ಡಿಸ್ಕನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿಟ್ಟು ಆ ಪೆಟ್ಟಿಗೆಯನ್ನೇ ತೂರಿಸಬೇಕಾದಂಥವು. ಟ್ರೇ ಪದ್ಧತಿ ಆ ತೊಡಕನ್ನು ನಿವಾರಿಸಿ ಮೇಜಿನ ಗಣಕಗಳಲ್ಲಿ ನೆಲೆನಿಂತಿತು.

ಲ್ಯಾಪ್‌ಟಾಪಿನೊಳಗೇ ಸಿ.ಡಿ. ಡ್ರೈವನ್ನು ಅಳವಡಿಸಿದ ಮೊದಲ ಗಣಕಗಳಲ್ಲಿ 1994ರ ಐಬಿಎಂ ಥಿಂಕ್‌ಪ್ಯಾಡ್ 755ಸಿಡಿ ಪ್ರಸಿದ್ಧವಾದುದು. ಮುಂದಿನ ವರ್ಷಗಳಲ್ಲಿ ತೆಳು ಟ್ರೇ ಡ್ರೈವ್ ಲ್ಯಾಪ್‌ಟಾಪ್‌ಗಳ ಸಾಮಾನ್ಯ ಅಂಗವಾಯಿತು.

ಸ್ಲಾಟ್ ಪದ್ಧತಿ ಕಾರುಗಳ ಸಂಗೀತವಾದಕಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿತ್ತು. ಚಲಿಸುವ ವಾಹನದಲ್ಲಿ ಹೊರಚಾಚುವ ತಟ್ಟೆ ಅನುಕೂಲವಲ್ಲ, ಚಾಲಕ ಒಂದೇ ಕೈಯಲ್ಲಿ ಡಿಸ್ಕ್ ತೂರಿಸುವಂತಿರಬೇಕು. ವೈಯಕ್ತಿಕ ಗಣಕಗಳಲ್ಲಿ ಇದನ್ನು ಜನಪ್ರಿಯಗೊಳಿಸಿದ್ದು ಆಪಲ್ ಸಂಸ್ಥೆ. 1999ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಐಮ್ಯಾಕ್ ಗಣಕಗಳಲ್ಲಿ, ಬಳಿಕ 2001ರ ಜನವರಿಯಲ್ಲಿ ಪ್ರಕಟವಾದ ಟೈಟಾನಿಯಂ ಹೊದಿಕೆಯ ಪವರ್‌ಬುಕ್ ಜಿ4 ಲ್ಯಾಪ್‌ಟಾಪಿನಲ್ಲಿ ಸ್ಲಾಟ್ ಡ್ರೈವ್ ಬಂದಿತು. ಒಂದು ಅಂಗುಲ ದಪ್ಪದ ಆ ಲ್ಯಾಪ್‌ಟಾಪಿನ ಮುಂದಿನ ಅಂಚಿನಲ್ಲೇ ಸೀಳು ಇತ್ತು. 2003ರ ಐಬುಕ್ ಜಿ4 ಬಂದ ನಂತರ ಆಪಲ್ ಲ್ಯಾಪ್‌ಟಾಪ್‌ಗಳಲ್ಲಿ ಟ್ರೇ ಕಣ್ಮರೆಯಾಯಿತು. ವಿಂಡೋಸ್ ಲ್ಯಾಪ್‌ಟಾಪ್‌ಗಳ ತಯಾರಕರಲ್ಲಿ ಹೆಚ್ಚಿನವರು ಟ್ರೇಯನ್ನೇ ಮುಂದುವರಿಸಿದರು. ಡೆಲ್ ಸಂಸ್ಥೆಯ 2007ರ ಎಕ್ಸ್‌ಪಿಎಸ್ ಎಂ1330 ಮತ್ತು ಅದರ ನಂತರದ ಸ್ಟುಡಿಯೊ ಸರಣಿಯಂಥ ಕೆಲವೇ ಮಾದರಿಗಳು ಸ್ಲಾಟ್ ಹೊಂದಿದ್ದವು. ಹೀಗಾಗಿ ಬಹುಪಾಲು ಗ್ರಾಹಕರಿಗೆ ಈ ಆಯ್ಕೆ ಡ್ರೈವಿನ ಆಯ್ಕೆಯಾಗಿ ಎದುರಾಗಲಿಲ್ಲ. ಲ್ಯಾಪ್‌ಟಾಪ್ ಆಯ್ದುಕೊಂಡಾಗ ಡ್ರೈವ್ ಅದರ ಜೊತೆಗೆ ಬಂದಿತು.

ಟ್ರೇ ಡ್ರೈವಿನ ರಚನೆ

ಮೇಜಿನ ಗಣಕದ ಟ್ರೇಗೂ ಲ್ಯಾಪ್‌ಟಾಪಿನ ಟ್ರೇಗೂ ಹೆಸರೊಂದೇ, ಕೆಲಸ ಬೇರೆ. ಮೇಜಿನ ಗಣಕದ ಟ್ರೇಯನ್ನು ಮೋಟಾರು ಹೊರತಳ್ಳಿ ಒಳಗೆಳೆಯುತ್ತದೆ. ಅಲ್ಲಿ ಟ್ರೇ ಬರಿಯ ತಟ್ಟೆ, ಲೇಸರ್ ಮತ್ತು ಡಿಸ್ಕ್ ತಿರುಗಿಸುವ ಮೋಟಾರು ಒಳಗೇ ಉಳಿಯುತ್ತವೆ. ಲ್ಯಾಪ್‌ಟಾಪ್ ಡ್ರೈವಿನಲ್ಲಿ ಅಷ್ಟು ಎತ್ತರದ ಜಾಗವಿಲ್ಲದ ಕಾರಣ ತಿರುಗುವ ಮೋಟಾರು, ಲೇಸರ್ ಹೊತ್ತ ಗಾಡಿ, ಮಸೂರ ಎಲ್ಲವನ್ನೂ ಟ್ರೇಯ ಮೇಲೆಯೇ ಜೋಡಿಸಲಾಗಿರುತ್ತದೆ. ಟ್ರೇ ಹೊರಬಂದಾಗ ಡ್ರೈವಿನ ಬಹುಭಾಗವೇ ಹೊರಬಂದಂತೆ.

ಗುಂಡಿ ಒತ್ತಿದಾಗ ವಿದ್ಯುತ್ಕಾಂತದಿಂದ ನಡೆಯುವ ಚಿಲಕವೊಂದು ಬಿಡುತ್ತದೆ, ಸಣ್ಣ ಸ್ಪ್ರಿಂಗ್ ಟ್ರೇಯನ್ನು ಸ್ವಲ್ಪ ಮುಂದೆ ತಳ್ಳುತ್ತದೆ. ಉಳಿದದ್ದು ಬಳಸುವವರ ಕೈಕೆಲಸ. ಟ್ರೇಯನ್ನು ಎಳೆದು, ಡಿಸ್ಕಿನ ನಡುವಿನ 15 ಮಿ.ಮೀ. ರಂಧ್ರವನ್ನು ಮಧ್ಯದ ಗುಬ್ಬಿಯ ಮೇಲಿಟ್ಟು, ಕ್ಲಿಕ್ ಎಂಬ ಸದ್ದು ಬರುವವರೆಗೆ ಒತ್ತಬೇಕು. ಗುಬ್ಬಿಯೊಳಗಿನ ಸ್ಪ್ರಿಂಗ್ ಹಿಡಿಕೆಗಳು ಡಿಸ್ಕನ್ನು ಕಚ್ಚಿ ಹಿಡಿಯುತ್ತವೆ. ಈ ಹಿಡಿತದಿಂದಾಗಿಯೇ ಲ್ಯಾಪ್‌ಟಾಪ್ ಡ್ರೈವ್ ಓರೆಯಾಗಿದ್ದರೂ ನೆಟ್ಟಗೆ ನಿಂತಿದ್ದರೂ ಡಿಸ್ಕ್ ಜಾರುವುದಿಲ್ಲ. ಪೂರ್ತಿ ಒತ್ತದೆ ಟ್ರೇ ಮುಚ್ಚಿದರೆ ಡಿಸ್ಕ್ ಓರೆಯಾಗಿ ತಿರುಗಿ ಮೇಲಿನ ತಗಡಿಗೆ ಉಜ್ಜಬಹುದು. ತೆಗೆಯುವಾಗ ಗುಬ್ಬಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಅಂಚನ್ನು ಎತ್ತಬೇಕು. ಬರಿಯ ಅಂಚನ್ನು ಹಿಡಿದು ಕಿತ್ತರೆ ಡಿಸ್ಕ್ ಬಾಗುತ್ತದೆ, ಹಲವು ಬಾರಿ ಹಾಗೆ ಮಾಡಿದರೆ ನಡುವಿನ ರಂಧ್ರದ ಸುತ್ತ ಕೂದಲೆಳೆಯ ಬಿರುಕುಗಳು ಮೂಡುತ್ತವೆ.

ತೆರೆದ ಟ್ರೇ ದುರ್ಬಲ. ಎರಡು ತೆಳು ಹಳಿಗಳ ಆಧಾರದಲ್ಲಿ ಅದು ಸುಮಾರು 13 ಸೆಂ.ಮೀ.ನಷ್ಟು ಹೊರಗೆ ನಿಲ್ಲುತ್ತದೆ. ಮೊಣಕೈ ತಗಲಿದರೆ ಹಳಿ ಬಾಗುತ್ತದೆ. ಟ್ರೇಯನ್ನು ಒಳಗಿನ ಫಲಕಕ್ಕೆ ಜೋಡಿಸುವ ಚಪ್ಪಟೆ ತಂತಿಪಟ್ಟಿ ಪ್ರತಿ ಸಲ ತೆರೆದು ಮುಚ್ಚುವಾಗಲೂ ಮಡಿಸಿ ಬಿಚ್ಚಿಕೊಳ್ಳುತ್ತದೆ, ವರ್ಷಗಳ ಬಳಕೆಯಲ್ಲಿ ಅದು ಸವೆಯುವುದುಂಟು. ಬಸ್ಸು ಅಥವಾ ರೈಲಿನ ಆಸನದಲ್ಲಿ ಕುಳಿತು ಟ್ರೇ ತೆರೆಯಲು ಪಕ್ಕದಲ್ಲಿ ಜಾಗವಿರುವುದಿಲ್ಲ. ಮೇಜಿನ ಮೇಲಾದರೂ, ಹೆಚ್ಚಿನ ಮಾದರಿಗಳಲ್ಲಿ ಡ್ರೈವ್ ಬಲಬದಿಯಲ್ಲಿರುವುದರಿಂದ, ಮೌಸ್ ಆಡಿಸುವ ಕೈ ಅದಕ್ಕೆ ಅಡ್ಡ ಬರುತ್ತದೆ.

ಸ್ಲಾಟ್ ಡ್ರೈವಿನ ರಚನೆ

ಸ್ಲಾಟ್ ಡ್ರೈವಿನ ಬಾಯಿಯಲ್ಲಿ ಉಣ್ಣೆಯಂತಹ ಮೃದು ಬಟ್ಟೆಯ ಅಂಚು ಇರುತ್ತದೆ. ಧೂಳನ್ನು ತಡೆಯುವುದು ಮತ್ತು ಡಿಸ್ಕಿನ ಮೈ ಲೋಹಕ್ಕೆ ತಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಡಿಸ್ಕನ್ನು ಅರ್ಧಕ್ಕಿಂತ ಹೆಚ್ಚು ತೂರಿಸಿದಾಗ ಒಳಗಿನ ಸನ್ನೆಗಳು ಅಥವಾ ಸಂವೇದಕಗಳು ಅದನ್ನು ಗುರುತಿಸಿ ಮೋಟಾರನ್ನು ಚಾಲೂ ಮಾಡುತ್ತವೆ. ಕಾರಿನ ವಾದಕಗಳಲ್ಲಿ ಸಾಮಾನ್ಯವಾಗಿ ರಬ್ಬರಿನ ಉರುಳೆ ಡಿಸ್ಕನ್ನು ಒಳಗೆಳೆಯುತ್ತದೆ. ಲ್ಯಾಪ್‌ಟಾಪಿನ ತೆಳು ಡ್ರೈವ್‌ಗಳಲ್ಲಿ ಉರುಳೆಗೆ ಜಾಗ ಸಾಲದ ಕಾರಣ ಡಿಸ್ಕಿನ ಅಂಚನ್ನು ಹಿಡಿದು ಸಾಗಿಸುವ ಸನ್ನೆತೋಳುಗಳ ಬಳಕೆ ಹೆಚ್ಚು. ಡಿಸ್ಕ್ ಸರಿಯಾದ ಸ್ಥಾನಕ್ಕೆ ಬಂದಾಗ ಮೋಟಾರು ಮತ್ತು ಲೇಸರ್ ಇರುವ ಚೌಕಟ್ಟು ಮೇಲೇರಿ ಗುಬ್ಬಿಯನ್ನು ಡಿಸ್ಕಿನ ರಂಧ್ರದೊಳಗೆ ಒತ್ತುತ್ತದೆ. ಹೊರಹಾಕುವಾಗ ಚೌಕಟ್ಟು ಕೆಳಗಿಳಿದು ಡಿಸ್ಕ್ ಬಿಡುಗಡೆಯಾಗುತ್ತದೆ, ತೋಳುಗಳು ಅದನ್ನು ಬಾಯಿಯವರೆಗೆ ತಳ್ಳಿ ನಿಲ್ಲುತ್ತವೆ.

ಈ ಎಲ್ಲ ಚಲನೆಯೂ 1.2 ಮಿ.ಮೀ. ದಪ್ಪದ, 120 ಮಿ.ಮೀ. ವ್ಯಾಸದ ಗುಂಡನೆಯ ಡಿಸ್ಕೊಂದನ್ನು ನಿರೀಕ್ಷಿಸಿಯೇ ಯೋಜಿತವಾಗಿದೆ. ಟ್ರೇ ಡ್ರೈವಿನಲ್ಲಿ ಡಿಸ್ಕನ್ನು ಕೇಂದ್ರಕ್ಕೆ ಕೂರಿಸುವುದು ಮನುಷ್ಯನ ಕೈ. ಸ್ಲಾಟ್ ಡ್ರೈವಿನಲ್ಲಿ ಆ ಕೆಲಸವನ್ನು ಡಿಸ್ಕಿನ ಹೊರ ಅಂಚನ್ನೇ ಅಳತೆಗೋಲಾಗಿ ಹಿಡಿದು ಯಂತ್ರ ಮಾಡುತ್ತದೆ. ಸ್ಲಾಟಿನ ಎಲ್ಲ ಸೌಕರ್ಯಕ್ಕೂ ಎಲ್ಲ ಮಿತಿಗೂ ಮೂಲ ಇದೇ ಒಂದು ಸಂಗತಿ.

ದಪ್ಪ ಮತ್ತು ವೇಗ

ಲ್ಯಾಪ್‌ಟಾಪ್ ಡ್ರೈವ್‌ಗಳು ಹೆಚ್ಚಾಗಿ 12.7 ಮಿ.ಮೀ. ಮತ್ತು 9.5 ಮಿ.ಮೀ. ಎತ್ತರಗಳಲ್ಲಿ ತಯಾರಾದವು. ಸ್ಲಾಟ್ ಡ್ರೈವ್ ಟ್ರೇ ಡ್ರೈವಿಗಿಂತ ತೆಳುವಾಗಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಎರಡು ವಿಧಗಳೂ ಎರಡು ಅಳತೆಗಳಲ್ಲಿಯೂ ಇದ್ದುದರಿಂದ ಇದು ಸರಿಯಲ್ಲ. ಸ್ಲಾಟಿಗೆ ತೆಳು ಎಂಬ ಖ್ಯಾತಿ ಬಂದದ್ದು ಅದು ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಕಾಣಿಸಿಕೊಂಡದ್ದರಿಂದ ಮತ್ತು ಹೊರಗೆ ಮುಖಫಲಕ, ಗುಂಡಿ ಏನೂ ಕಾಣದ ಅದರ ನೋಟದಿಂದ.

ತೆಳುವಾಗುವುದಕ್ಕೆ ತೆರಬೇಕಾದ ಬೆಲೆಗೆ 2006ರ ಮ್ಯಾಕ್‌ಬುಕ್ ಪ್ರೊ ಒಳ್ಳೆಯ ನಿದರ್ಶನ. ಆ ವರ್ಷ ಮೊದಲು ಬಂದ 15 ಅಂಗುಲದ ಮಾದರಿಯಲ್ಲಿ 9.5 ಮಿ.ಮೀ. ಸ್ಲಾಟ್ ಡ್ರೈವ್ ಅಳವಡಿಸಿದ್ದರಿಂದ ಡಿ.ವಿ.ಡಿ. ಬರೆಯುವ ವೇಗ 4 ಪಟ್ಟಿಗೆ ಇಳಿಯಿತು, ಎರಡು ಪದರಗಳ ಡಿಸ್ಕುಗಳಿಗೆ ಬರೆಯುವ ಸಾಮರ್ಥ್ಯ ಇಲ್ಲವಾಯಿತು. ಅದಕ್ಕಿಂತ ಹಳೆಯ ಪವರ್‌ಬುಕ್ ಜಿ4ರ ಕಡೆಯ ಮಾದರಿ 8 ಪಟ್ಟು ವೇಗದಲ್ಲಿ ಬರೆಯುತ್ತಿತ್ತು. ಅದೇ ವರ್ಷದ 17 ಅಂಗುಲದ ಮಾದರಿಯಲ್ಲಿ ದಪ್ಪ ಡ್ರೈವಿಗೆ ಎಡೆ ಇದ್ದುದರಿಂದ 8 ಪಟ್ಟು ವೇಗ ಉಳಿಯಿತು. ಎರಡೂ ಸ್ಲಾಟ್ ಡ್ರೈವ್‌ಗಳೇ. ಕೊರತೆ ಬಂದದ್ದು ಎತ್ತರದಿಂದ, ಬಾಯಿಯಿಂದಲ್ಲ. ನಂತರದ ವರ್ಷಗಳಲ್ಲಿ 9.5 ಮಿ.ಮೀ. ಡ್ರೈವ್‌ಗಳೂ 8 ಪಟ್ಟು ವೇಗವನ್ನು ತಲುಪಿದವು.

ಡಿ.ವಿ.ಡಿ.ಯ ಒಂದು ಪಟ್ಟು ವೇಗವೆಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್, ಸಿ.ಡಿ.ಯದು 150 ಕಿಲೊಬೈಟ್. 4.7 ಗಿಗಾಬೈಟಿನ ಡಿಸ್ಕನ್ನು 4 ಪಟ್ಟು ವೇಗದಲ್ಲಿ ತುಂಬಲು ಕಾಲು ಗಂಟೆಯಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪ್ ಡ್ರೈವ್‌ಗಳು ಸಿ.ಡಿ.ಗೆ ಸಾಮಾನ್ಯವಾಗಿ 24 ಪಟ್ಟು ವೇಗದಲ್ಲೇ ನಿಂತವು. ವಿದ್ಯುತ್ತಿನ ಮಿತಿ ಮತ್ತು ಸದ್ದು ಇದಕ್ಕೆ ಕಾರಣ. ಮೇಜಿನ ಗಣಕಗಳ 48 ಅಥವಾ 52 ಪಟ್ಟಿನ ಡ್ರೈವ್‌ಗಳಿಗೆ ಹೋಲಿಸಿದರೆ ಇದು ನಿಧಾನವಾದರೂ ಬಿರುಕು ಬಿಟ್ಟ ಹಳೆಯ ಡಿಸ್ಕುಗಳ ಪಾಲಿಗೆ ಸುರಕ್ಷಿತ. ಅತಿವೇಗದಲ್ಲಿ ತಿರುಗುವಾಗ ಅಂತಹ ಡಿಸ್ಕುಗಳು ಡ್ರೈವಿನೊಳಗೇ ಒಡೆದು ಚೂರಾಗುವ ಅಪಾಯವಿದೆ.

ಡಿಸ್ಕಿನ ಗಾತ್ರ ಮತ್ತು ಆಕಾರ

ಎಲ್ಲ ಡಿಸ್ಕುಗಳೂ 12 ಸೆಂ.ಮೀ. ವ್ಯಾಸದವಲ್ಲ. 8 ಸೆಂ.ಮೀ. ವ್ಯಾಸದ ಕಿರು ಡಿಸ್ಕುಗಳು ಎರಡು ಕಡೆ ವ್ಯಾಪಕವಾಗಿ ಬಳಕೆಯಲ್ಲಿದ್ದವು. ವೆಬ್‌ಕ್ಯಾಮ್, ವೈ-ಫೈ ಸಾಧನ ಮುಂತಾದ ಸಣ್ಣ ಉಪಕರಣಗಳ ಜೊತೆಗೆ ಬರುತ್ತಿದ್ದ ಚಾಲಕ ತಂತ್ರಾಂಶ ಒಂದು. 2000ರ ದಶಕದಲ್ಲಿ ಸೋನಿ, ಹಿಟಾಚಿ ಮೊದಲಾದ ಸಂಸ್ಥೆಗಳು ಮಾರಿದ, ನೇರವಾಗಿ ಡಿ.ವಿ.ಡಿ.ಯ ಮೇಲೆ ಚಿತ್ರೀಕರಿಸುವ ಕ್ಯಾಮ್‌ಕಾರ್ಡರ್‌ಗಳು ಇನ್ನೊಂದು. ಆ ಕ್ಯಾಮರಾಗಳ ಕಿರು ಡಿಸ್ಕಿನಲ್ಲಿ ಒಂದು ಬದಿಗೆ 1.4 ಗಿಗಾಬೈಟ್ ಹಿಡಿಸುತ್ತದೆ. ಇದಲ್ಲದೆ ವಿಸಿಟಿಂಗ್ ಕಾರ್ಡಿನ ಆಕಾರದಲ್ಲಿ ಕತ್ತರಿಸಿದ ಆಯತಾಕಾರದ ಸಿ.ಡಿ.ಗಳೂ ಪ್ರಚಾರಕ್ಕೆ ಬಳಕೆಯಾಗುತ್ತಿದ್ದವು.

ಟ್ರೇ ಡ್ರೈವಿಗೆ ಇವು ಯಾವುವೂ ಸಮಸ್ಯೆಯಲ್ಲ. ನಡುವಿನ ರಂಧ್ರ ಗುಬ್ಬಿಗೆ ಕೂತರೆ ಸಾಕು. ಲ್ಯಾಪ್‌ಟಾಪಿನ ಸ್ಲಾಟ್ ಡ್ರೈವ್‌ಗಳಲ್ಲಿ ಬಹುತೇಕವು 12 ಸೆಂ.ಮೀ. ಗುಂಡು ಡಿಸ್ಕುಗಳಿಗೆ ಮಾತ್ರ ಮೀಸಲು. ಆಪಲ್ ತನ್ನ ಸ್ಲಾಟ್ ಡ್ರೈವ್‌ಗಳಿಗೆ ಕಿರು ಡಿಸ್ಕು ಅಥವಾ ಬೇರೆ ಆಕಾರದ ಡಿಸ್ಕು ಹಾಕಬಾರದೆಂದು ಸ್ಪಷ್ಟವಾಗಿ ಸೂಚಿಸಿದೆ. ಕಿರು ಡಿಸ್ಕನ್ನು ತೂರಿಸಿದರೆ ಸನ್ನೆತೋಳುಗಳಿಗೆ ಅದರ ಅಂಚು ಸಿಗುವುದಿಲ್ಲ. ಅದು ಎಲ್ಲೋ ಓರೆಯಾಗಿ ನಿಂತುಬಿಡುತ್ತದೆ, ಹೊರಹಾಕುವ ಆದೇಶಕ್ಕೂ ಸ್ಪಂದಿಸುವುದಿಲ್ಲ. ಕಿರು ಡಿಸ್ಕಿಗೆ ಸುತ್ತಲೂ ಪ್ಲಾಸ್ಟಿಕ್ ಬಳೆ ತೊಡಿಸಿ 12 ಸೆಂ.ಮೀ. ಮಾಡುವ ಜೋಡಣೆಗಳು ಮಾರಾಟಕ್ಕಿದ್ದವು. ಬಳೆ ಒಳಗೇ ಕಳಚಿಕೊಂಡರೆ ಒಂದು ಡಿಸ್ಕಿನ ಬದಲು ಎರಡು ವಸ್ತುಗಳು ಸಿಕ್ಕಿಕೊಂಡಂತಾಗುವುದರಿಂದ ಸ್ಲಾಟ್ ಡ್ರೈವಿನಲ್ಲಿ ಇವುಗಳ ಬಳಕೆ ಸಲ್ಲದು.

ಇದು ಸ್ಲಾಟ್ ಪದ್ಧತಿಯ ಅನಿವಾರ್ಯ ದೋಷವೇನಲ್ಲ. ನಿಂಟೆಂಡೊ ಸಂಸ್ಥೆಯ 2006ರ ವೀ ಆಟದ ಯಂತ್ರದಲ್ಲಿ ಒಂದೇ ಸೀಳು ತನ್ನ 12 ಸೆಂ.ಮೀ. ಡಿಸ್ಕುಗಳನ್ನೂ ಹಿಂದಿನ ಗೇಮ್‌ಕ್ಯೂಬ್ ಯಂತ್ರದ 8 ಸೆಂ.ಮೀ. ಡಿಸ್ಕುಗಳನ್ನೂ ಸ್ವೀಕರಿಸುತ್ತಿತ್ತು. ಲ್ಯಾಪ್‌ಟಾಪಿನ ಒಳಗಣ ಇಕ್ಕಟ್ಟಿನಲ್ಲಿ ಅಂತಹ ಹೆಚ್ಚುವರಿ ಯಂತ್ರಾಂಗಗಳಿಗೆ ಅವಕಾಶ ಕಡಿಮೆ.

ಆಕಾರದಷ್ಟೇ ಮುಖ್ಯವಾದುದು ಡಿಸ್ಕಿನ ಮೈಮೇಲೆ ಏನಿದೆ ಎಂಬುದು. ಕರ್ನಾಟಕದಲ್ಲಿ 2000ರ ದಶಕದಲ್ಲಿ ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೊಗಳನ್ನು ಸ್ಟುಡಿಯೊಗಳು ಸಿ.ಡಿ. ಅಥವಾ ಡಿ.ವಿ.ಡಿ.ಯಲ್ಲಿ ಕೊಡುವುದು ರೂಢಿಯಾಗಿತ್ತು. ವಧೂವರರ ಚಿತ್ರ ಮುದ್ರಿಸಿದ ಕಾಗದದ ಲೇಬಲನ್ನು ಡಿಸ್ಕಿನ ಮೇಲೆ ಅಂಟಿಸಿರುವುದೂ ಉಂಟು. ಕಾಲ ಕಳೆದಂತೆ ಅಂಟು ಒಣಗಿ ಲೇಬಲಿನ ಅಂಚು ಮೇಲೇಳುತ್ತದೆ. ಡ್ರೈವಿನೊಳಗಿನ ಬಿಸಿಗೆ ಅದು ಇನ್ನಷ್ಟು ಸುರುಳಿಯಾಗುತ್ತದೆ. ಟ್ರೇ ಡ್ರೈವಿನಲ್ಲಿ ಇಂತಹ ಡಿಸ್ಕು ತೂಕ ಸಮನಾಗಿಲ್ಲದೆ ನಡುಗುತ್ತ ತಿರುಗೀತು, ಸದ್ದು ಮಾಡೀತು. ಸ್ಲಾಟ್ ಡ್ರೈವಿನಲ್ಲಾದರೋ ಎದ್ದ ಕಾಗದ ಬಾಯಿಯ ಬಟ್ಟೆಗೋ ತೋಳಿಗೋ ಸಿಕ್ಕಿ ಡಿಸ್ಕನ್ನು ಒಳಗೇ ಹಿಡಿದಿಡುತ್ತದೆ. ಮನೆಯಲ್ಲಿ ಇಂತಹ ಡಿಸ್ಕುಗಳ ಕಟ್ಟೊಂದನ್ನು ಇಟ್ಟುಕೊಂಡಿರುವವರು ಅವುಗಳ ಪ್ರತಿ ತೆಗೆಯಲು ಟ್ರೇ ಡ್ರೈವನ್ನೇ ಬಳಸುವುದು ಲೇಸು. ಹೊಸ ಡಿಸ್ಕುಗಳ ಮೇಲೆ ಲೇಬಲ್ ಅಂಟಿಸುವ ಬದಲು ಡಿಸ್ಕಿಗೆಂದೇ ಇರುವ ಮೃದು ತುದಿಯ ಪೆನ್ನಿನಿಂದ ಬರೆಯುವುದು ಯಾವ ಡ್ರೈವಿಗಾದರೂ ಒಳ್ಳೆಯದು.

ಸಿಕ್ಕಿಕೊಂಡ ಡಿಸ್ಕನ್ನು ತೆಗೆಯುವುದು

ಟ್ರೇ ಡ್ರೈವಿನ ಮುಖಫಲಕದಲ್ಲಿ ಸೂಜಿಮೊನೆಯಷ್ಟು ದೊಡ್ಡ ರಂಧ್ರವೊಂದಿರುತ್ತದೆ. ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ಅದರೊಳಗೆ ತೂರಿಸಿ ಒತ್ತಿದರೆ ಚಿಲಕ ಬಿಟ್ಟು ಟ್ರೇ ಹೊರಬರುತ್ತದೆ. ಇದಕ್ಕೆ ವಿದ್ಯುತ್ ಬೇಡ, ಗಣಕ ಚಾಲೂ ಆಗಬೇಕಾಗಿಲ್ಲ, ಪರದೆ ಒಡೆದಿದ್ದರೂ ಬ್ಯಾಟರಿ ಸತ್ತಿದ್ದರೂ ಅಡ್ಡಿಯಿಲ್ಲ. ಡಿಸ್ಕ್ ತಿರುಗುತ್ತಿರುವಾಗ ಮಾತ್ರ ಹೀಗೆ ಮಾಡಬಾರದು. ಗಣಕವನ್ನು ಆರಿಸಿ, ತಿರುಗುವ ಸದ್ದು ನಿಂತ ಮೇಲೆ ಮಾಡಬೇಕು.

ಲ್ಯಾಪ್‌ಟಾಪಿನ ಸ್ಲಾಟ್ ಡ್ರೈವ್‌ಗಳಲ್ಲಿ ಹೊರಗಿನಿಂದ ಎಟುಕುವ ಇಂತಹ ರಂಧ್ರ ಸಾಮಾನ್ಯವಾಗಿ ಇರುವುದಿಲ್ಲ. ಡಿಸ್ಕನ್ನು ಬಿಡುಗಡೆ ಮಾಡಲು ಮೋಟಾರು ತಿರುಗಲೇಬೇಕು, ಮೋಟಾರು ತಿರುಗಲು ಗಣಕ ಬದುಕಿರಬೇಕು. ಗಣಕ ಚಾಲೂ ಆಗುವಂತಿದ್ದರೆ ಮೊದಲು ಮಾಡಬೇಕಾದದ್ದು ಆ ಡಿಸ್ಕಿನ ಕಡತಗಳನ್ನು ತೆರೆದಿಟ್ಟಿರುವ ತಂತ್ರಾಂಶಗಳನ್ನು ಮುಚ್ಚಿ ಹೊರಹಾಕುವ ಕೀಲಿಯನ್ನು ಮತ್ತೆ ಒತ್ತುವುದು. ಡಿಸ್ಕ್ ಹೊರಬರದಿರುವುದಕ್ಕೆ ಅನೇಕ ವೇಳೆ ಯಂತ್ರದೋಷಕ್ಕಿಂತ ತಂತ್ರಾಂಶದ ಬೀಗವೇ ಕಾರಣ. ವಿಂಡೋಸಿನಲ್ಲಿ ಡ್ರೈವಿನ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ಹೊರಹಾಕುವ ಆಯ್ಕೆ ಇದೆ, ಲಿನಕ್ಸಿನಲ್ಲಿ ಇದಕ್ಕೆಂದೇ ‘ಇಜೆಕ್ಟ್’ ಎಂಬ ಆದೇಶವಿದೆ. ಮ್ಯಾಕ್ ಗಣಕಗಳಲ್ಲಿ ಯಂತ್ರವನ್ನು ಮರುಚಾಲನೆ ಮಾಡಿ, ಅದು ಏಳುವಾಗ ಮೌಸಿನ ಅಥವಾ ಟ್ರ್ಯಾಕ್‌ಪ್ಯಾಡಿನ ಗುಂಡಿಯನ್ನು ಒತ್ತಿ ಹಿಡಿದಿದ್ದರೆ ಒಳಗಿನ ಡಿಸ್ಕ್ ಹೊರಬೀಳುತ್ತದೆ. ಕಾರ್ಯಾಚರಣ ವ್ಯವಸ್ಥೆ ಏಳುವ ಮುನ್ನವೇ ಇದು ನಡೆಯುವುದರಿಂದ ತಂತ್ರಾಂಶದ ಬೀಗ ಇಲ್ಲಿ ಅಡ್ಡ ಬರುವುದಿಲ್ಲ.

ಡಿಸ್ಕು ಬಾಯಿಯವರೆಗೆ ಬಂದು ಮತ್ತೆ ಒಳಗೆ ಹೋಗುತ್ತಿದ್ದರೆ ಸೀಳಿನ ಅಂಚು ಬಾಗಿರುವ ಸಾಧ್ಯತೆ ಇದೆ. ಕೆಳಗೆ ಬಿದ್ದ ಅಥವಾ ಅಂಚಿಗೆ ಪೆಟ್ಟು ತಿಂದ ಲೋಹದ ಹೊದಿಕೆಯ ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತದೆ. ಸೀಳಿನೊಳಗೆ ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಹಾಕಿ ಕೆದಕುವುದು ಡಿಸ್ಕನ್ನೂ ಡ್ರೈವನ್ನೂ ಒಟ್ಟಿಗೆ ಕೆಡಿಸುವ ದಾರಿ. ಸನ್ನೆತೋಳು ಒಮ್ಮೆ ಬಾಗಿದರೆ ಡ್ರೈವನ್ನು ಬದಲಿಸಬೇಕಾಗುತ್ತದೆ. ಗಣಕವೇ ಸತ್ತಿದ್ದರೆ ತಳದ ಮುಚ್ಚಳ ತೆಗೆದು, ಡ್ರೈವನ್ನು ಹೊರತೆಗೆದು, ಅದರ ಮೇಲಿನ ತಗಡನ್ನು ಬಿಚ್ಚಿ ಡಿಸ್ಕನ್ನು ಕೈಯಿಂದ ಎತ್ತಿಕೊಳ್ಳುವುದೇ ಉಳಿಯುವ ಉಪಾಯ. ದುರಸ್ತಿ ಬಲ್ಲವರಿಗೆ ಇದು ಕಷ್ಟದ ಕೆಲಸವಲ್ಲ. ಆದರೆ ಒಂದು ಪೇಪರ್ ಕ್ಲಿಪ್ಪಿನಿಂದ ಆಗುವ ಕೆಲಸಕ್ಕೆ ಅಂಗಡಿಗೆ ಹೋಗಬೇಕಾಗುವುದು ಸಣ್ಣ ವ್ಯತ್ಯಾಸವೂ ಅಲ್ಲ. ಬೇರೆ ಪ್ರತಿಯಿಲ್ಲದ ಡಿಸ್ಕೊಂದನ್ನು ಹಳೆಯ ಸ್ಲಾಟ್ ಡ್ರೈವಿಗೆ ಹಾಕುವ ಮುನ್ನ ಇದನ್ನು ಯೋಚಿಸಬೇಕು.

ಧೂಳು ಮತ್ತು ಶುಚಿತ್ವ

ಟ್ರೇ ತೆರೆದಾಗ ಮಸೂರ ಬಯಲಿಗೆ ಬರುತ್ತದೆ. ಧೂಳು ಕೂರುತ್ತದೆ, ಬೆರಳು ತಗಲುತ್ತದೆ. ಆದರೆ ಬಯಲಿಗೆ ಬರುವುದರಿಂದಲೇ ಅದನ್ನು ಶುಚಿಗೊಳಿಸಲೂ ಸಾಧ್ಯ. ಗಾಳಿ ಊದುವ ರಬ್ಬರ್ ಬುರುಡೆಯಿಂದ ಮೊದಲು ಧೂಳನ್ನು ಹಾರಿಸಿ, ಅಗತ್ಯವಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಹತ್ತಿಕಡ್ಡಿಯಿಂದ ಬಹಳ ಹಗುರವಾಗಿ ಒರೆಸಲಾಗುತ್ತದೆ. ಮಸೂರ ಸೂಕ್ಷ್ಮ ತಂತಿಗಳ ಮೇಲೆ ತೂಗುತ್ತಿರುವುದರಿಂದ ಒತ್ತಡ ಕೂಡದು.

ಸ್ಲಾಟ್ ಡ್ರೈವಿನ ಮಸೂರ ಎಂದೂ ಹೊರಬರುವುದಿಲ್ಲ. ಬಾಯಿಯ ಬಟ್ಟೆ ಧೂಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ತಡೆದ ಧೂಳು ಆ ಬಟ್ಟೆಯಲ್ಲೇ ಉಳಿಯುತ್ತದೆ. ಮರಳಿನ ಕಣವೊಂದು ಅಲ್ಲಿ ಸೇರಿಕೊಂಡರೆ ಒಳಗೆ ಹೋಗುವ, ಹೊರಬರುವ ಪ್ರತಿ ಡಿಸ್ಕಿನ ಮೇಲೂ ಒಂದೇ ಜಾಗದಲ್ಲಿ ನೇರ ಗೆರೆ ಮೂಡುತ್ತದೆ. ಡಿಸ್ಕುಗಳ ಮೇಲೆ ಒಂದೇ ದಿಕ್ಕಿನ ಸಮಾಂತರ ಗೀರುಗಳು ಕಂಡರೆ ಸಂಶಯಿಸಬೇಕಾದದ್ದು ಈ ಬಟ್ಟೆಯನ್ನು. ಸಣ್ಣ ಕುಂಚವಿರುವ ಮಸೂರಶೋಧಕ ಡಿಸ್ಕುಗಳು ಸ್ಲಾಟಿನಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ತಯಾರಕರ ಕೈಪಿಡಿ ಅನುಮತಿಸಿದ್ದರೆ ಮಾತ್ರ ಬಳಸತಕ್ಕದ್ದು.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎರಡೂ ವಿಧಗಳಿಗೆ ತಮ್ಮದೇ ಆದ ಸಂಕಟಗಳಿವೆ. ಟ್ರೇಯನ್ನು ಮಗು ಎಳೆದು ಮುರಿಯಬಹುದು, ಸ್ಲಾಟಿನೊಳಗೆ ನಾಣ್ಯ ಹಾಕಬಹುದು.

ಡಿಸ್ಕನ್ನು ಹಾಕುವ ಮೊದಲು ಒರೆಸುವುದಿದ್ದರೆ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ಒರೆಸಿದರೆ ಗೀರು ದತ್ತಾಂಶದ ಸುರುಳಿಯ ಉದ್ದಕ್ಕೇ ಬಿದ್ದು, ದೋಷ ತಿದ್ದುವ ವ್ಯವಸ್ಥೆಗೆ ಹೆಚ್ಚು ಹೊರೆಯಾಗುತ್ತದೆ.

ದುರಸ್ತಿ ಮತ್ತು ಬದಲಾವಣೆ

ಟ್ರೇ ಡ್ರೈವಿನ ದೊಡ್ಡ ಅನುಕೂಲ ಅದರ ಸಾಮಾನ್ಯತೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ತಳದ ಒಂದು ತಿರುಪು ತೆಗೆದರೆ ಡ್ರೈವ್ ಪಕ್ಕಕ್ಕೆ ಜಾರಿ ಹೊರಬರುತ್ತದೆ. ಅದೇ ಎತ್ತರದ, ಅದೇ ಸಂಪರ್ಕದ ಬೇರೆ ತಯಾರಕರ ಡ್ರೈವನ್ನು ಅಲ್ಲಿ ಕೂರಿಸಬಹುದು. ಹಳೆಯವು ಪಾಟಾ ಸಂಪರ್ಕದವು, ನಂತರದವು ತೆಳು ಸಾಟಾ ಸಂಪರ್ಕದವು. ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ಕೊಳ್ಳುವ ಮುನ್ನ ನೋಡಿಕೊಳ್ಳಬೇಕು. ಲ್ಯಾಪ್‌ಟಾಪಿನ ಅಂಚಿಗೆ ಹೊಂದುವಂತೆ ರೂಪಿಸಿದ ಮುಖಫಲಕವನ್ನೂ ಹಿಂಬದಿಯ ಸಣ್ಣ ತಗಡನ್ನೂ ಹಳೆಯ ಡ್ರೈವಿನಿಂದ ಕಳಚಿ ಹೊಸದಕ್ಕೆ ಹಾಕಬೇಕಾಗುತ್ತದೆ. ಥಿಂಕ್‌ಪ್ಯಾಡ್ ಸರಣಿಯ ಅಲ್ಟ್ರಾಬೇ ವ್ಯವಸ್ಥೆಯಲ್ಲಂತೂ ತಿರುಪೂ ಬೇಕಿರಲಿಲ್ಲ. ಸನ್ನೆಯೊಂದನ್ನು ಎಳೆದು ಡ್ರೈವ್ ತೆಗೆದು ಆ ಜಾಗದಲ್ಲಿ ಹಾರ್ಡ್ ಡಿಸ್ಕನ್ನೋ, ಕೆಲವು ಮಾದರಿಗಳಲ್ಲಿ ಎರಡನೆಯ ಬ್ಯಾಟರಿಯನ್ನೋ ಇಡಬಹುದಾಗಿತ್ತು.

ಸ್ಲಾಟ್ ಡ್ರೈವನ್ನು ಬದಲಿಸಲು ಸಾಮಾನ್ಯವಾಗಿ ಗಣಕದ ಹೊದಿಕೆಯನ್ನೇ ತೆರೆಯಬೇಕು. ಮುಖಫಲಕದ ತೊಂದರೆ ಇಲ್ಲವೆಂಬುದು ನಿಜ, ಆದರೆ ಡ್ರೈವಿನ ಬಾಯಿಯೂ ಹೊದಿಕೆಯ ಸೀಳೂ ಕರಾರುವಾಕ್ಕಾಗಿ ಒಂದೇ ಮಟ್ಟದಲ್ಲಿ ಕೂರಬೇಕು. ತಯಾರಾದ ಸಂಖ್ಯೆ ಕಡಿಮೆಯಾದ್ದರಿಂದ ಬಿಡಿಯಾಗಿ ಸಿಗುವುದೂ ಕಡಿಮೆ, ಬೆಲೆಯೂ ಹೆಚ್ಚು.

ಆಯ್ಕೆ

ಡಿಸ್ಕುಗಳು ಏಕರೂಪವಾಗಿದ್ದು, ಅಂದರೆ ಅಂಗಡಿಯಲ್ಲಿ ಕೊಂಡ ಚಲನಚಿತ್ರ, ಸಂಗೀತ ಅಥವಾ ತಂತ್ರಾಂಶದ 12 ಸೆಂ.ಮೀ. ಡಿಸ್ಕುಗಳೇ ಆಗಿದ್ದು, ಪ್ರಯಾಣದಲ್ಲಿ ಒಂದೇ ಕೈಯಲ್ಲಿ ಹಾಕಿ ತೆಗೆಯುವ ಅನುಕೂಲ ಬೇಕಾದವರಿಗೆ ಸ್ಲಾಟ್ ಡ್ರೈವ್ ಹಿತವಾದುದು. ಮುರಿಯುವ ತಟ್ಟೆಯಿಲ್ಲ, ಗುಬ್ಬಿಗೆ ಒತ್ತುವ ಕಷ್ಟವಿಲ್ಲ. ಬೆರಳುಗಳಲ್ಲಿ ಶಕ್ತಿ ಕಡಿಮೆಯಿರುವ ಹಿರಿಯರಿಗೆ ಈ ಕೊನೆಯ ಅಂಶ ಲಾಭದಾಯಕ. ಬಗೆಬಗೆಯ ಹಳೆಯ ಡಿಸ್ಕುಗಳನ್ನು, ಲೇಬಲ್ ಅಂಟಿಸಿದವು, ಕಿರು ಡಿಸ್ಕುಗಳು, ಎಲ್ಲಿಂದಲೋ ಬಂದವು ಎಲ್ಲವನ್ನೂ ಓದಬೇಕಾದ ಗ್ರಂಥಾಲಯ, ಸ್ಟುಡಿಯೊ, ದುರಸ್ತಿ ಅಂಗಡಿ ಅಥವಾ ಮನೆಯ ಸಂಗ್ರಹಕ್ಕೆ ಟ್ರೇಯೇ ತಕ್ಕುದು. ನೋಟದ ಅಂದಕ್ಕಾಗಿ ಸ್ಲಾಟನ್ನು ಆಯ್ದುಕೊಂಡವರೂ ಬಹಳ ಮಂದಿ. ಡ್ರೈವ್ ಕೆಡದಿರುವವರೆಗೆ ಆ ಕಾರಣವನ್ನು ಅಲ್ಲಗಳೆಯಬೇಕಾಗಿಲ್ಲ.

ಕ್ಯಾಮ್‌ಕಾರ್ಡರಿನ ಕಿರು ಡಿಸ್ಕುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಚಿತ್ರೀಕರಣದ ಬಳಿಕ ಆ ಕ್ಯಾಮರಾದಲ್ಲೇ ಡಿಸ್ಕನ್ನು ಅಂತಿಮಗೊಳಿಸದೆ ಬಿಟ್ಟಿದ್ದರೆ ಅದು ಟ್ರೇ ಡ್ರೈವಿನಲ್ಲೂ ಖಾಲಿಯಂತೆ ಕಾಣಿಸಬಹುದು. ಅಂತಹ ಡಿಸ್ಕನ್ನು ಖಾಲಿಯೆಂದು ತಿಳಿದು ಎಸೆಯಬಾರದು.

ಭಾರತವು ಡಿ.ವಿ.ಡಿ.ಯ 5ನೆಯ ವಲಯಕ್ಕೆ ಸೇರಿದೆ. ಬೇರೆ ವಲಯದ ಚಲನಚಿತ್ರಗಳನ್ನು ನೋಡಲು ಡ್ರೈವಿನ ವಲಯಸಂಖ್ಯೆಯನ್ನು ಬಳಕೆದಾರರು ಐದು ಬಾರಿ ಮಾತ್ರ ಬದಲಿಸಬಹುದು, ಕೊನೆಯ ಆಯ್ಕೆ ಶಾಶ್ವತವಾಗಿ ಉಳಿಯುತ್ತದೆ. ವಿದೇಶದಿಂದ ತಂದ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಇದು ಟ್ರೇಯೋ ಸ್ಲಾಟೋ ಎಂಬ ಪ್ರಶ್ನೆಗಿಂತ ಮೊದಲು ಎದುರಾಗಬಹುದಾದ ವಿಷಯ.

ಹೊರಗಿನಿಂದ ಜೋಡಿಸುವ ಡ್ರೈವ್‌ಗಳು

2008ರ ಜನವರಿಯಲ್ಲಿ ಪ್ರಕಟವಾದ ಮ್ಯಾಕ್‌ಬುಕ್ ಏರ್‌ನಲ್ಲಿ ಡಿಸ್ಕ್ ಡ್ರೈವೇ ಇರಲಿಲ್ಲ. 2012ರಲ್ಲಿ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ಅದೇ ಹಾದಿ ಹಿಡಿಯಿತು. ಸ್ಲಾಟ್ ಡ್ರೈವ್ ಉಳಿದಿದ್ದ 13 ಅಂಗುಲದ ಹಳೆಯ ಮ್ಯಾಕ್‌ಬುಕ್ ಪ್ರೊ ಮಾರಾಟ 2016ರ ಅಕ್ಟೋಬರಿನಲ್ಲಿ ನಿಂತಿತು. ಇತರ ತಯಾರಕರ ತೆಳು ಲ್ಯಾಪ್‌ಟಾಪ್‌ಗಳಿಂದಲೂ ಡ್ರೈವ್ ಮರೆಯಾಯಿತು. ಹೀಗೆ ಲ್ಯಾಪ್‌ಟಾಪ್‌ಗೆ ಅಂಟಿಕೊಂಡಿದ್ದ ಆಯ್ಕೆ ಈಗ ಯು.ಎಸ್.ಬಿ. ಮೂಲಕ ಜೋಡಿಸುವ ಬಿಡಿ ಡ್ರೈವಿನ ಆಯ್ಕೆಯಾಗಿ ಮಾರ್ಪಟ್ಟಿದೆ. ಇವುಗಳಲ್ಲಿ ಹೆಚ್ಚಿನವು ಲ್ಯಾಪ್‌ಟಾಪಿನ ತೆಳು ಟ್ರೇ ಡ್ರೈವನ್ನೇ ಪ್ಲಾಸ್ಟಿಕ್ ಕವಚದಲ್ಲಿ ಇರಿಸಿ ಮಾಡಿದಂಥವು. ಆದರೆ ಆಪಲ್ಲಿನ ಬಿಡಿ ಸೂಪರ್‌ಡ್ರೈವ್ ಸ್ಲಾಟ್ ಬಗೆಯದು, ಅದೂ ಮ್ಯಾಕ್ ಗಣಕಗಳಿಗೆಂದೇ ರೂಪಿಸಿದ್ದು.

ಬಿಡಿ ಡ್ರೈವಿನ ಸೋಲಿಗೆ ಬಹುಸಾಮಾನ್ಯ ಕಾರಣ ವಿದ್ಯುತ್ತಿನ ಕೊರತೆ. ಯು.ಎಸ್.ಬಿ. 2.0 ಕಿಂಡಿ 500 ಮಿಲಿಆಂಪಿಯರ್ ಕೊಡುತ್ತದೆ, ಯು.ಎಸ್.ಬಿ. 3.0 ಕಿಂಡಿ 900. ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ ಮತ್ತು ಬರೆಯುವಾಗ ಬೇಡಿಕೆ ಏರುತ್ತದೆ. ಕೆಲವು ಡ್ರೈವ್‌ಗಳ ಜೊತೆಗೆ ಎರಡು ಕಿಂಡಿಗಳಿಗೆ ಜೋಡಿಸುವ ಕವಲು ತಂತಿ ಬರುವುದು ಇದಕ್ಕಾಗಿಯೇ. ಉದ್ದದ ತಂತಿ ಅಥವಾ ವಿದ್ಯುತ್ ಪೂರೈಕೆಯಿಲ್ಲದ ಹಬ್ ಬಳಸಿದಾಗ ಡಿಸ್ಕ್ ಗುರ್ರೆಂದು ತಿರುಗಿ ನಿಂತುಬಿಡುವುದನ್ನು ಡ್ರೈವಿನ ದೋಷವೆಂದು ಭಾವಿಸುವ ಮೊದಲು ಗಣಕದ ಕಿಂಡಿಗೇ ನೇರವಾಗಿ ಜೋಡಿಸಿ ನೋಡಬೇಕು. ಬರೆಯುತ್ತಿರುವ ಡ್ರೈವನ್ನು ಅಲುಗಾಡಿಸುವುದು, ತೊಡೆಯ ಮೇಲಿಟ್ಟುಕೊಳ್ಳುವುದು ಎರಡೂ ವಿಧಗಳಿಗೆ ಹಾನಿಕರ. ಸಮತಟ್ಟಾದ ಮೇಜಿನ ಮೇಲೆ, ಟ್ರೇ ತೆರೆಯಲು ಮುಂದೆ ಜಾಗ ಬಿಟ್ಟು ಇಡುವುದು ಸೂಕ್ತ.